ಶಿರಂಗಾಲದ ಹೆಬ್ಬಾಗಿಲಲ್ಲಿ ನಿಲ್ಲದ ವ್ಯಾಪಾರ

ಹಾಸನದ ಕಡೆಯಿಂದ ಅರಕಲಗೂಡು, ಕೊಣನೂರುಗಳನ್ನು ಹಾದು ಕೊಡಗಿಗೆ ಬರುವ ಪ್ರವಾಸಿಗನಿಗೆ ಜಿಲ್ಲೆಯ ಮೊದಲ ಊರು ಶಿರಂಗಾಲ. ತಲಕಾವೇರಿಯಲ್ಲಿ ಹುಟ್ಟಿದ ನದಿ ಕೊಡಗನ್ನು ಬಿಟ್ಟು ಹೊರನಡೆಯುವುದೂ ಇದೇ ಶಿರಂಗಾಲದ ಬಳಿ. ನದಿಗೆ ಕೊನೆಯ ಊರು, ಪ್ರವಾಸಿಗನಿಗೆ ಮೊದಲ ಊರು. ಇಂತಹ ಸ್ಥಾನ ದೊರೆತ ಊರಿನಲ್ಲಿ ಸಹಜವಾಗಿಯೇ ವ್ಯಾಪಾರ ಬೆಳೆಯಬೇಕು. ಆದರೆ ಆಗುತ್ತಿರುವುದು ಬೇರೆ. ರಜಾದಿನಗಳಲ್ಲಿ ಇಲ್ಲಿ ಹಾದುಹೋಗುವ ವಾಹನಗಳು ಕುಶಾಲನಗರದತ್ತ, ಅಲ್ಲಿಂದ ಮಡಿಕೇರಿಯತ್ತ ಧಾವಿಸುತ್ತವೆ. ಊರಿನ ಅಂಗಡಿಗಳ ಪಾಲಿಗೆ ಉಳಿಯುವುದು ಧೂಳು ಮಾತ್ರ.

ಇದು ಶಿರಂಗಾಲವೊಂದರ ಸಮಸ್ಯೆಯಲ್ಲ. ತೊರೆನೂರು, ಹೆಬ್ಬಾಲೆ, ಕೂಡಿಗೆಗಳ ವರ್ತಕರ ಅನುಭವವೂ ಹೆಚ್ಚುಕಡಿಮೆ ಇದೇ. ಕುಶಾಲನಗರದಲ್ಲಿ ವ್ಯಾಪಾರ ನಡೆಯುತ್ತಿದೆ ನಿಜ. ಆದರೆ ಅಲ್ಲಿ ಕೊಡಗಿನ ಹೆಸರಿನಲ್ಲಿ ಮಾರಾಟವಾಗುವ ಸರಕಿನಲ್ಲಿ ಕೊಡಗಿನಲ್ಲಿ ಬೆಳೆದುದೆಷ್ಟು, ತಯಾರಾದುದೆಷ್ಟು ಎಂಬ ಪ್ರಶ್ನೆಗೆ ನೇರ ಉತ್ತರ ಕೊಡುವುದು ಯಾವ ವರ್ತಕನಿಗೂ ಸುಲಭವಲ್ಲ. ಪ್ರವಾಸಿಗನು ಹಣ ಕೊಟ್ಟು ಕೊಳ್ಳುವುದು ಒಂದು ಸೀಮೆಯ ಹೆಸರನ್ನು. ಆ ಹೆಸರಿನ ಹಿಂದಿನ ಅಡುಗೆ, ವಾದ್ಯ, ಮನೆ ಮತ್ತು ಮಾತು ಊರಿನವರ ಕೈಯಲ್ಲಿ ಉಳಿದರೆ ಲಾಭವೂ ಊರಿನಲ್ಲಿ ಉಳಿಯುತ್ತದೆ. ಹೆಸರು ಕೈಬಿಟ್ಟರೆ ಲಾಭವೂ ಕೈಬಿಡುತ್ತದೆ. ವರ್ತಕ ಬಾಂಧವರು ಗಂಭೀರವಾಗಿ ಆಲೋಚಿಸಬೇಕಾದ ವಿಷಯವಿದು.

ದೂರದ ಒಂದು ಸೀಮೆಯ ಅನುಭವ

ಇದೇ ಪ್ರಶ್ನೆಯನ್ನು ಅರ್ಧ ಶತಮಾನದ ಹಿಂದೆಯೇ ಎದುರಿಸಿದ ಸೀಮೆಯೊಂದು ಅಮೆರಿಕದ ದಕ್ಷಿಣದಲ್ಲಿದೆ. ಲೂಸಿಯಾನ ರಾಜ್ಯದ ಲಫಾಯೆಟ್ ನಗರ ಹಾಗೂ ಅದರ ಸುತ್ತಣ ಸಣ್ಣ ಊರುಗಳನ್ನು ಕೇಜನ್ ಮತ್ತು ಕ್ರಿಯೋಲ್ ಸೀಮೆಯೆಂದು ಕರೆಯುತ್ತಾರೆ. ಈಗಿನ ಕೆನಡಾದ ನೋವಾ ಸ್ಕೋಷಿಯಾ ಭಾಗದಿಂದ 1755ರಲ್ಲಿ ಬ್ರಿಟಿಷರು ಹೊರಗಟ್ಟಿದ ಫ್ರೆಂಚ್ ಭಾಷಿಕರಲ್ಲಿ ಹಲವರು ಇಲ್ಲಿಗೆ ಬಂದು ನೆಲೆಸಿದರು. ಅವರ ಸಂತತಿಯೇ ಕೇಜನ್ನರು. ಫ್ರೆಂಚ್, ಆಫ್ರಿಕನ್, ಸ್ಪ್ಯಾನಿಷ್ ಮೂಲಗಳು ಬೆರೆತು ಬೆಳೆದ ಸಮುದಾಯದವರು ಕ್ರಿಯೋಲರು. ಭತ್ತದ ಗದ್ದೆ, ಜೌಗು ನೆಲ, ಕಾಫಿ ಕುಡಿಯುವ ಚಟ, ಅನ್ನದೊಡನೆ ಹಂದಿಮಾಂಸ: ಕೊಡಗಿನವರಿಗೆ ಅಪರಿಚಿತವೆನಿಸದ ಎಷ್ಟೋ ಸಂಗತಿಗಳು ಅಲ್ಲಿವೆ. ದಕ್ಷಿಣ ಭಾರತದ ಫಿಲ್ಟರ್ ಕಾಫಿಯಂತೆ ಅಲ್ಲಿಯ ಕಾಫಿಗೂ ಚಿಕೋರಿ ಬೆರೆಸುವ ವಾಡಿಕೆಯುಂಟು.

ಆ ಜನರ ಫ್ರೆಂಚ್ ಮಾತಿಗೆ 1921ರ ರಾಜ್ಯ ಸಂವಿಧಾನವು ಶಾಲೆಗಳಲ್ಲಿ ಅವಕಾಶವಿಲ್ಲದಂತೆ ಮಾಡಿತು. ಅವರ ಸಂಗೀತವನ್ನು ಹಳ್ಳಿಗರ ಗದ್ದಲವೆಂದು ಪಟ್ಟಣದವರು ಹಳಿದರು. 1964ರಲ್ಲಿ ಡ್ಯೂಯಿ ಬಾಲ್ಫಾ ಎಂಬ ಪಿಟೀಲು ವಾದಕ ದೂರದ ನ್ಯೂಪೋರ್ಟ್ ಜಾನಪದ ಸಂಗೀತೋತ್ಸವದಲ್ಲಿ ನುಡಿಸಿ ಅಪಾರ ಮೆಚ್ಚುಗೆ ಗಳಿಸಿದ ಮೇಲೆ ಊರಿನವರಿಗೆ ತಮ್ಮ ಸೊತ್ತಿನ ಬೆಲೆ ತಿಳಿಯತೊಡಗಿತು. 1968ರಲ್ಲಿ ರಾಜ್ಯವೇ ಫ್ರೆಂಚ್ ಭಾಷೆಯ ಅಭಿವೃದ್ಧಿಗಾಗಿ ಮಂಡಳಿಯೊಂದನ್ನು ಸ್ಥಾಪಿಸಿತು. 1974ರಲ್ಲಿ ಲಫಾಯೆಟ್‌ನಲ್ಲಿ ನಡೆದ ಸಂಗೀತೋತ್ಸವಕ್ಕೆ ಸಾವಿರಾರು ಜನ ನೆರೆದರು. ಪ್ರವಾಸಿಗರನ್ನು ಹುಡುಕಿಕೊಂಡು ಹೋಗುವ ಮೊದಲು ಊರಿನವರು ತಮ್ಮ ಸೊತ್ತನ್ನು ತಾವೇ ಗೌರವಿಸಿದರು. ವ್ಯಾಪಾರ ಅದರ ಬೆನ್ನಿಗೆ ಬಂದಿತು. ಈ ಕ್ರಮ ಗಮನಾರ್ಹವಾದುದು.

ಊರಿಗೊಂದು ಗುರುತು

ಆ ಸೀಮೆಯ ವಿಶೇಷವೆಂದರೆ ಪ್ರತಿಯೊಂದು ಸಣ್ಣ ಊರೂ ತನ್ನದೇ ಆದ ಒಂದು ಗುರುತನ್ನು ಹಿಡಿದುಕೊಂಡಿದೆ. ಬ್ರೋ ಬ್ರಿಜ್ ಎಂಬ ಊರನ್ನು ರಾಜ್ಯದ ಶಾಸನಸಭೆಯೇ 1959ರಲ್ಲಿ ಸಿಹಿನೀರಿನ ಸೀಗಡಿಯನ್ನು ಹೋಲುವ ಕ್ರಾಫಿಷ್‌ನ ರಾಜಧಾನಿಯೆಂದು ಸಾರಿತು. ಸ್ಕಾಟ್ ಎಂಬ ಊರು ಬೂದಾನ್‌ಗೆ ಹೆಸರಾಗಿದೆ. ಬೂದಾನ್ ಎಂದರೆ ಅನ್ನ ಮತ್ತು ಹಂದಿಮಾಂಸವನ್ನು ಮಸಾಲೆಯೊಡನೆ ಕಲಸಿ ತುಂಬಿದ ಖಾದ್ಯ. ಹೆದ್ದಾರಿ ಬದಿಯ ದಿನಸಿ ಅಂಗಡಿಗಳಲ್ಲಿಯೂ ಪೆಟ್ರೋಲ್ ಬಂಕುಗಳಲ್ಲಿಯೂ ಅದನ್ನು ಬಿಸಿಬಿಸಿಯಾಗಿ ಮಾರುತ್ತಾರೆ. ಯೂನಿಸ್ ಎಂಬ ಊರು ಹಳೆಯ ಚಿತ್ರಮಂದಿರವೊಂದನ್ನು ದುರಸ್ತಿಗೊಳಿಸಿ 1987ರಿಂದ ಶನಿವಾರ ಸಂಜೆಯ ಸಂಗೀತ ಕಾರ್ಯಕ್ರಮವನ್ನು ಆರಂಭಿಸಿತು. ವಾರ ನಿಗದಿ, ಹೊತ್ತು ನಿಗದಿ. ಹೀಗಾಗಿ ಪ್ರವಾಸಿಗನು ತನ್ನ ಪ್ರಯಾಣವನ್ನು ಆ ದಿನಕ್ಕೆ ಹೊಂದಿಸಿಕೊಂಡು ಆ ರಾತ್ರಿ ಊರಿನಲ್ಲಿಯೇ ತಂಗಬೇಕಾಗುತ್ತದೆ.

ಶಿರಂಗಾಲದಿಂದ ಕುಶಾಲನಗರದವರೆಗಿನ ರಸ್ತೆಯಲ್ಲಿ ಇಂತಹ ಗುರುತುಗಳಿಗೆ ಕೊರತೆಯಿಲ್ಲ. ಹೆಬ್ಬಾಲೆಯಲ್ಲಿ ಬನಶಂಕರಿ ದೇವಿಯ ಹಬ್ಬವಿದೆ. ಸಮೀಪದ ಕಣಿವೆಯಲ್ಲಿ ಕಾವೇರಿಯ ದಡದಲ್ಲಿ ರಾಮಲಿಂಗೇಶ್ವರನ ಗುಡಿಯಿದೆ. ಕೂಡಿಗೆಯಲ್ಲಿ ಹಾರಂಗಿಯು ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಗಡಿಯಾಚೆ ಹಾಸನ ಜಿಲ್ಲೆಯ ರಾಮನಾಥಪುರದಲ್ಲಿ ಸುಬ್ರಹ್ಮಣ್ಯ ಸ್ವಾಮಿಯ ಜಾತ್ರೆ ಹಾಗೂ ದನಗಳ ಪರಿಷೆ, ನದಿಯ ಮಡುವಿನಲ್ಲಿ ಭಕ್ತರು ಕಾಪಾಡಿಕೊಂಡು ಬಂದಿರುವ ಮೀನುಗಳು ಪ್ರಸಿದ್ಧವಾಗಿವೆ. ಆದರೆ ಇವೆಲ್ಲವನ್ನೂ ಒಂದು ಪಯಣವಾಗಿ ಪೋಣಿಸಿ ಪ್ರವಾಸಿಗನ ಮುಂದಿಡುವ ಒಂದು ಸಾದಾ ಪಟ್ಟಿಯೂ ಅಂಗಡಿಗಳಲ್ಲಿ ದೊರೆಯುವುದಿಲ್ಲ.

ಇನ್ನೂ ಹತ್ತಿರದ ನಿದರ್ಶನ ಬೈಲಕುಪ್ಪೆ. ತಮ್ಮ ನಾಡನ್ನು ತೊರೆದು ಬಂದ ಟಿಬೆಟನ್ನರಿಗಾಗಿ 1961ರಲ್ಲಿ ಆರಂಭವಾದ ಆ ವಸತಿ ಪ್ರದೇಶದಲ್ಲಿ ಸನ್ಯಾಸಿಗಳ ವಾದ್ಯಘೋಷ, ಲೋಸಾರ್ ಹಬ್ಬ, ಮೊಮೊ ಮತ್ತು ತುಕ್ಪಾ ಎಲ್ಲವೂ ಮೊದಲಿಗೆ ಅವರಿಗಾಗಿಯೇ ಇವೆ. ಪ್ರವಾಸಿಗರು ಅದನ್ನು ಕಾಣಲು ಬರುತ್ತಾರೆ. ವಿದೇಶೀಯರು ಅಲ್ಲಿ ರಾತ್ರಿ ತಂಗಬೇಕಾದರೆ ಕೇಂದ್ರ ಸರ್ಕಾರದ ವಿಶೇಷ ಅನುಮತಿ ಅಗತ್ಯ. ಈ ನಿಯಮದ ದೆಸೆಯಿಂದ ಸಮೀಪದ ಕುಶಾಲನಗರದ ವಸತಿಗೃಹಗಳಿಗೆ ಅನುಕೂಲವಾಗಿದೆ. ನೆರೆಯವರ ಸೊತ್ತಿನಿಂದ ಲಾಭ ಪಡೆಯಲು ಬಲ್ಲ ವರ್ತಕರು ಸ್ವಂತ ಸೊತ್ತಿನ ಕಡೆ ಕಣ್ಣು ಹಾಯಿಸದಿರುವುದು ಆಶ್ಚರ್ಯಕರ.

ಊಟದ ಎಲೆಯಲ್ಲಿ ಯಾವ ಕೊಡಗು?

ಹೊರಗಿನವರು ಕೊಡಗನ್ನು ಒಂದೇ ಬಣ್ಣದಲ್ಲಿ ಕಾಣುತ್ತಾರೆ. ವಾಸ್ತವದಲ್ಲಿ ಕೊಡವ ಭಾಷಿಕರು, ಅರೆಭಾಷೆ ಗೌಡರು, ಯರವರು, ಕುರುಬರು, ಮಾಪಿಳ್ಳೆಗಳು, ಉತ್ತರ ಭಾಗದ ಕನ್ನಡ ಭಾಷಿಕ ಲಿಂಗಾಯತರು ಹಾಗೂ ಒಕ್ಕಲಿಗರು ಎಲ್ಲರೂ ಸೇರಿದ ನಾಡಿದು. ಕೊಡವ ಸಾಹಿತ್ಯ ಅಕಾಡೆಮಿ 1994ರಲ್ಲಿಯೂ ಅರೆಭಾಷೆ ಅಕಾಡೆಮಿ 2011ರಲ್ಲಿಯೂ ಸ್ಥಾಪಿತವಾಗಿರುವುದು ಈ ವೈವಿಧ್ಯಕ್ಕೆ ಸಾಕ್ಷಿ. ಕೇಜನ್ ಮತ್ತು ಕ್ರಿಯೋಲ್ ಒಂದೇ ಅಲ್ಲವೆಂದು ಲೂಸಿಯಾನದವರು ಬಂದವರಿಗೆಲ್ಲ ತಿಳಿಹೇಳುವಂತೆ ಕೊಡಗಿನ ವರ್ತಕರೂ ತಿಳಿಹೇಳಬೇಕು. ಶಿರಂಗಾಲದ ಹೋಟೆಲಿನಲ್ಲಿ ಕಡುಬುಟ್ಟು, ಪಂದಿ ಕರಿಯೇ ಇರಬೇಕೆಂಬ ನಿಯಮವಿಲ್ಲ. ಈ ಬಯಲಿನ ರಾಗಿಮುದ್ದೆ, ಹುರುಳಿಕಾಳಿನ ಸಾರು, ಅಕ್ಕಿರೊಟ್ಟಿಗಳೂ ಕೊಡಗಿನ ಊಟವೇ. ಸಸ್ಯಾಹಾರಿ ಪ್ರವಾಸಿಗನಿಗೆ ಕೊಡಗಿನಲ್ಲಿ ಏನಿದೆ ಎಂಬ ಪ್ರಶ್ನೆಗೆ ಉತ್ತರ ಕೊಡಬಲ್ಲ ಸೀಮೆ ಇದೇ.

ಋತುವಿಗೆ ತಕ್ಕ ಊಟವೆಂಬುದು ಕೊಡಗಿನ ಅಡುಗೆಯ ಜೀವಾಳ. ಮಳೆಗಾಲದಲ್ಲಿ ಕಣಿಲೆ, ಅಣಬೆ, ಗದ್ದೆಯ ಏಡಿ ಮತ್ತು ಮೀನು. ಕಕ್ಕಡ ಮಾಸದ 18ನೆಯ ದಿನ ಮದ್ದುಸೊಪ್ಪಿನ ಪಾಯಸ. ಹುತ್ತರಿಗೆ ಹೊಸ ಅಕ್ಕಿಯೂ ತಂಬಿಟ್ಟೂ. ಮಳೆಗಾಲದಲ್ಲಿ ವ್ಯಾಪಾರವಿಲ್ಲವೆಂದು ಕೈಚೆಲ್ಲಿ ಕುಳಿತುಕೊಳ್ಳುವ ಹೋಟೆಲಿನವರು ಇದನ್ನು ಗಮನಿಸಬೇಕು. ಬೇರೆಲ್ಲಿಯೂ ಬೇರೆ ತಿಂಗಳಲ್ಲಿಯೂ ದೊರೆಯದ ಪದಾರ್ಥಕ್ಕೆ ಬೇಡಿಕೆಯನ್ನು ಹುಟ್ಟಿಸುವುದು ಕಷ್ಟವಲ್ಲ.

ಗದ್ದೆಯ ವಿಚಾರದಲ್ಲಿಯೂ ಕಲಿಯಬೇಕಾದುದಿದೆ. ಕೂಲಿಯ ದುಬಾರಿಯಿಂದ ಕೊಡಗಿನಲ್ಲಿ ಭತ್ತದ ಗದ್ದೆಗಳು ಪಾಳು ಬೀಳುತ್ತಿವೆ, ಇಲ್ಲವೇ ಶುಂಠಿಗೆ ತಿರುಗುತ್ತಿವೆ. ಲೂಸಿಯಾನದ ರೈತರು ಭತ್ತದ ಕುಯ್ಲಾದ ಮೇಲೆ ಅದೇ ಗದ್ದೆಯಲ್ಲಿ ನೀರು ನಿಲ್ಲಿಸಿ ಕ್ರಾಫಿಷ್ ಬೆಳೆಸಿ ಎರಡನೆಯ ಆದಾಯವನ್ನು ಕಂಡುಕೊಂಡರು. ಅದೇ ಪ್ರಾಣಿಯನ್ನು ಇಲ್ಲಿಗೆ ತರಬೇಕೆಂದಲ್ಲ. ಪರಕೀಯ ಜಲಚರಗಳಿಂದ ನದಿಗೆ ಹಾನಿಯಾದೀತು. ಗದ್ದೆಯು ಅಕ್ಕಿಯ ಹೊರತಾಗಿ ಇನ್ನೊಂದನ್ನೂ ಕೊಡಬಲ್ಲುದು, ಅದನ್ನು ಊರಿನ ಹೋಟೆಲು ಕೊಳ್ಳಬಲ್ಲುದು ಎಂಬ ನಂಟು ಏರ್ಪಟ್ಟರೆ ಗದ್ದೆಯೂ ಉಳಿದೀತು.

ಹೆಸರಿನ ಕಳವು

ಆ ಸೀಮೆಯ ಅನುಭವದಲ್ಲಿ ಎಚ್ಚರಿಕೆಯ ಪಾಠಗಳೂ ಇವೆ. 1980ರ ದಶಕದಲ್ಲಿ ನ್ಯೂ ಆರ್ಲಿಯನ್ಸ್‌ನ ಬಾಣಸಿಗ ಪಾಲ್ ಪ್ರುಡೋಮ್ ಜನಪ್ರಿಯಗೊಳಿಸಿದ ಮಸಾಲೆ ಹಚ್ಚಿ ಕಪ್ಪಗೆ ಹುರಿದ ಕೆಂಪುಮೀನಿಗೆ ದೇಶದಾದ್ಯಂತ ಎಷ್ಟು ಬೇಡಿಕೆ ಬಂದಿತೆಂದರೆ, ಮೀನಿನ ಸಂತತಿಯೇ ಕುಸಿದು ಸರ್ಕಾರ ಅದರ ವಾಣಿಜ್ಯ ಬೇಟೆಗೆ ಕಡಿವಾಣ ಹಾಕಬೇಕಾಯಿತು. ಇಂದು ಕೇಜನ್ ಮಸಾಲೆ ಎಂಬ ಹೆಸರಿನ ಪುಡಿ ಜಗತ್ತಿನ ಎಲ್ಲೆಡೆ ತಯಾರಾಗುತ್ತದೆ; ಬೆಂಗಳೂರಿನ ಅಂಗಡಿಗಳಲ್ಲಿಯೂ ಸಿಗುತ್ತದೆ. ಅದರ ಲಾಭದಲ್ಲಿ ಲೂಸಿಯಾನದ ಹಳ್ಳಿಗೆ ಪಾಲಿಲ್ಲ. 1990ರ ದಶಕದಲ್ಲಿ ಚೀನಾದಿಂದ ಅಗ್ಗದ ಕ್ರಾಫಿಷ್ ಮಾಂಸ ಬಂದು ಸುರಿದಾಗ ಸ್ಥಳೀಯ ಸಂಸ್ಕರಣಾ ಘಟಕಗಳು ತತ್ತರಿಸಿದವು. 1997ರಲ್ಲಿ ಅಮೆರಿಕ ಅದರ ಮೇಲೆ ಸುರಿತ ವಿರೋಧಿ ಸುಂಕ ವಿಧಿಸಿತು. ಆಮದಾದ ಸೀಗಡಿ, ಕ್ರಾಫಿಷ್‌ಗಳನ್ನು ಬಡಿಸುವ ಹೋಟೆಲುಗಳು ಗ್ರಾಹಕರಿಗೆ ಅದನ್ನು ತಿಳಿಸಲೇಬೇಕೆಂಬ ಕಾನೂನನ್ನು ರಾಜ್ಯವು 2019ರಲ್ಲಿ ತಂದಿತು.

ಕೊಡಗಿನ ಮೆಣಸಿನ ವರ್ತಕರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. 2017ರಲ್ಲಿ ವಿಯೆಟ್ನಾಂ ಮೆಣಸು ಕೊಡಗಿನ ಮೆಣಸಿನೊಡನೆ ಬೆರೆಯುತ್ತಿದೆಯೆಂಬ ಕೂಗು ಎದ್ದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಮೆಣಸಿಗೆ ಕೆ.ಜಿ.ಗೆ 500 ರೂಪಾಯಿಗಳ ಕನಿಷ್ಠ ಆಮದು ಬೆಲೆಯನ್ನು ನಿಗದಿಪಡಿಸಿತು. ಕೊಡಗಿನ ಕಿತ್ತಳೆ, ಏಲಕ್ಕಿಗಳಿಗೆ ಭೌಗೋಳಿಕ ಸೂಚಕ ಮಾನ್ಯತೆಯಿದೆ; 2019ರಲ್ಲಿ ಕೊಡಗಿನ ಅರೇಬಿಕಾ ಕಾಫಿಗೂ ಅದು ದೊರೆಯಿತು. ಆದರೆ ಮಾನ್ಯತೆಯ ಪತ್ರ ಕಪಾಟಿನಲ್ಲಿದ್ದು ಹೊರಗಿನ ಸರಕು ಕಟ್ಟೆಯ ಮೇಲಿದ್ದರೆ ಪ್ರಯೋಜನವೇನು? ಮೋಸ ಹೋದ ಪ್ರವಾಸಿಗನು ದೂರು ಕೊಡುವುದಿಲ್ಲ. ಎರಡನೆಯ ಸಲ ಕೊಳ್ಳುವುದಿಲ್ಲ, ಅಷ್ಟೇ. ಒಬ್ಬ ವರ್ತಕನ ಬೆರಕೆಯ ದಂಡವನ್ನು ಪ್ರಾಮಾಣಿಕನಾದ ನೆರೆಯ ವರ್ತಕನು ತೆರಬೇಕಾಗುತ್ತದೆ.

ಸಣ್ಣ ಕೈಗಾರಿಕೆಗೆ ದಾರಿ

ಲೂಸಿಯಾನದ ಏವರಿ ದ್ವೀಪದಲ್ಲಿ 1868ರಿಂದ ಒಂದೇ ಮನೆತನದವರು ತಯಾರಿಸುತ್ತಿರುವ ಟಬಾಸ್ಕೋ ಮೆಣಸಿನ ಸಾಸ್ ಇಂದು ನೂರಕ್ಕೂ ಹೆಚ್ಚು ದೇಶಗಳಲ್ಲಿ ಮಾರಾಟವಾಗುತ್ತಿದೆ. ಬೇಡಿಕೆ ಬೆಳೆದಂತೆ ಮೆಣಸಿನಕಾಯಿಯನ್ನು ಬಹುಮಟ್ಟಿಗೆ ಬೇರೆ ದೇಶಗಳಲ್ಲಿ ಬೆಳೆಸಬೇಕಾಯಿತು. ಆದರೆ ಬಿತ್ತನೆಯ ಬೀಜವನ್ನು ಕಾಪಾಡುವುದು, ಅರೆದ ಮೆಣಸನ್ನು ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಾಗಿಸುವುದು ಈ ಎರಡು ನಿರ್ಣಾಯಕ ಹಂತಗಳನ್ನು ಅವರು ದ್ವೀಪದಿಂದ ಹೊರಗೆ ಬಿಡಲಿಲ್ಲ. ಹೆಸರು ಅವರಲ್ಲಿಯೇ ಉಳಿಯಲು ಇದು ಮುಖ್ಯ ಕಾರಣ.

ಕೊಡಗಿನಲ್ಲಿ ಅದಕ್ಕೆ ಸಮನಾದ ಪದಾರ್ಥ ಕಾಚಂಪುಳಿ. ಮಾಗಿದ ಪಣಂಪುಳಿ ಹಣ್ಣನ್ನು ಬುಟ್ಟಿಯಲ್ಲಿಟ್ಟು, ಹನಿಹನಿಯಾಗಿ ಇಳಿದ ರಸವನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿ ಪಡೆಯುವ ಈ ಹುಳಿ ವರ್ಷಾನುಗಟ್ಟಲೆ ಕೆಡದು. ಸಾಗಣೆಗೆ ಹಗುರ, ಬಾಳಿಕೆಗೆ ಭದ್ರ. ಆದರೂ ಹೆಚ್ಚಿನ ಪಾಲು ಇಂದಿಗೂ ಹಳೆಯ ಬಾಟಲಿಗಳಲ್ಲಿ, ತಯಾರಕರ ಹೆಸರಾಗಲಿ ವರ್ಷವಾಗಲಿ ಇಲ್ಲದೆ ಮಾರಾಟವಾಗುತ್ತಿದೆ. ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಸಂಸ್ಕರಣಾ ಘಟಕಗಳು ಹಲವಾರಿವೆ. ದೇಶದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಬೆಳೆಯುವ ಜಿಲ್ಲೆಯಿದು. ಆದರೂ ಬೀಜವಾಗಿ ಹೊರಹೋಗುವ ಕಾಫಿಯ ಲಾಭದ ಬಹುಭಾಗ ಹುರಿದು ಪುಡಿ ಮಾಡುವವರದು. ಶಿರಂಗಾಲದ ಗಡಿಯಲ್ಲಿ ಕೊಡಗನ್ನು ಪ್ರವೇಶಿಸುವವನಿಗೆ ಮೊದಲು ದೊರೆಯಬೇಕಾದುದು ಇಲ್ಲಿಯೇ ಹುರಿದ ಒಂದು ಲೋಟ ಒಳ್ಳೆಯ ಕಾಫಿ. ಇದಕ್ಕೆ ಬೇಕಾದ ಬಂಡವಾಳ ದೊಡ್ಡದೇನಲ್ಲ.

ವಾಲಗದವರ ಕೂಲಿ

ಸಂಗೀತದ ವಿಷಯದಲ್ಲಿ ವರ್ತಕರ ಉದಾಸೀನ ಇನ್ನೂ ಹೆಚ್ಚು. ನಾಲ್ವರು ದುಡಿ ಹಿಡಿದು ಸರದಿಯಲ್ಲಿ ಹಾಡುವ ಬಾಳೋಪಾಟ್, ಕೊಂಬು ಕೊಟ್ಟು ವಾಲಗ, ಹುತ್ತರಿಯ ಕೋಲಾಟ, ಹೆಂಗಳೆಯರ ಉಮ್ಮತ್ತಾಟ್ ಇವು ಕೊಡಗಿನ ಸಂಪತ್ತು. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯಿಂದಾಗಿ ಹಾಡುಗಳು ಉಳಿದಿವೆ. ವಾಲಗ ನುಡಿಸುವ ಮೇದರ ಬಾಳು ಮಾತ್ರ ಬಿದಿರು ಬುಟ್ಟಿಯ ಬೇಡಿಕೆಯಂತೆಯೇ ಕುಗ್ಗುತ್ತಿದೆ. ಅತಿಥಿಗಳ ಮುಂದೆ ಅವರನ್ನು ಒಂದು ಗಂಟೆ ಕುಣಿಸಿ, ಭಕ್ಷೀಸು ಕೊಟ್ಟು ಕಳುಹಿಸುವುದು ಗೌರವವೂ ಅಲ್ಲ, ವ್ಯಾಪಾರವೂ ಅಲ್ಲ. ಕ್ಲಿಫ್ಟನ್ ಶೆನಿಯೇ ಎಂಬ ಕ್ರಿಯೋಲ್ ವಾದಕ ತನ್ನ ಝೈಡಕೋ ಸಂಗೀತದಿಂದ 1984ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆಯುವ ಮೊದಲು ದಶಕಗಳ ಕಾಲ ಆತನನ್ನು ಪೊರೆದದ್ದು ಹಣ ಕೊಟ್ಟು ಕುಣಿಯಲು ಬರುತ್ತಿದ್ದ ಊರಿನ ಜನ. ವಾದ್ಯದವರಿಗೆ ನಿಗದಿತ ದಿನ, ನಿಗದಿತ ಸಂಭಾವನೆ, ಲಿಖಿತ ಕರಾರು ಇರಬೇಕು. ದೇವರ ಮುಂದಿನ ವಾಲಗ ಯಾವುದು, ಅತಿಥಿಗಳ ಮುಂದಿನದು ಯಾವುದು ಎಂಬ ನಿರ್ಧಾರವೂ ಅವರದೇ ಆಗಿರಬೇಕು.

ತಂಗುವ ಮನೆ

1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಹಂಚಿಕೆ ವ್ಯವಸ್ಥೆ ಕುಸಿದು, ಬೆಲೆ 2001-02ರ ವೇಳೆಗೆ ಪಾತಾಳ ಮುಟ್ಟಿದಾಗ ಅನೇಕ ಬೆಳೆಗಾರರು ಮನೆಯ ಕೋಣೆಗಳನ್ನು ಅತಿಥಿಗಳಿಗೆ ತೆರೆದರು. ಕೊಡಗಿನ ಹೋಂಸ್ಟೇ ಹೀಗೆ ಕಷ್ಟಕಾಲದ ಆಸರೆಯಾಗಿ ಬೆಳೆದ ಉದ್ಯಮ. ಮನೆಯೊಡತಿಯ ಅಡುಗೆ, ಯಜಮಾನನ ಮಾತುಕತೆಗಳೇ ಅದರ ಬಂಡವಾಳ. ಮಾಲೀಕನು ಬೇರೆಡೆ ಇದ್ದು, ಆಳುಗಳು ನಡೆಸುವ, ನೋಂದಣಿಯಿಲ್ಲದ ಕಟ್ಟಡವು ಹೋಂಸ್ಟೇ ಎಂಬ ಹೆಸರಿಗೆ ಅರ್ಹವಲ್ಲ. 2018ರ ಆಗಸ್ಟಿನ ಭೂಕುಸಿತ ಮತ್ತು ಪ್ರವಾಹದ ನಂತರ ಕೋಣೆಗಳು ಖಾಲಿ ಉಳಿದುದನ್ನೂ, 2020ರ ಸೋಂಕಿನ ಕಾಲದ ನಷ್ಟವನ್ನೂ ಉದ್ಯಮಿಗಳು ಮರೆತಿರಲಾರರು. ಬೆಟ್ಟದ ಇಳಿಜಾರಿನಲ್ಲಿ ಮತ್ತಷ್ಟು ಕೋಣೆಗಳನ್ನು ಕಟ್ಟುವುದಕ್ಕಿಂತ ಬಯಲು ಸೀಮೆಯ ಹಳೆಯ ತೊಟ್ಟಿಮನೆಗಳಲ್ಲಿ, ಪ್ರವಾಹದ ಮಟ್ಟಕ್ಕಿಂತ ಮೇಲಿನ ಜಾಗಗಳಲ್ಲಿ ಮಿತವಾದ ವಸತಿ ಒದಗಿಸುವುದು ಸುರಕ್ಷಿತ. ಶಿರಂಗಾಲ, ಹೆಬ್ಬಾಲೆಗಳಿಗೆ ಇದು ಸದವಕಾಶ.

ಇದಕ್ಕೆ ಆಕ್ಷೇಪಣೆ ಇಲ್ಲದಿಲ್ಲ. ಪ್ರವಾಸಿಗರು ಹೆಚ್ಚಿದರೆ ಕಸ ಹೆಚ್ಚುತ್ತದೆ, ನದಿ ಕೆಡುತ್ತದೆ, ಊರಿನ ನೆಮ್ಮದಿ ಹೋಗುತ್ತದೆ ಎಂಬ ಅಳಲು ಸಕಾರಣವಾದುದು. ಲೂಸಿಯಾನದಲ್ಲಿ ಊಟದ ಹೆಸರು ಜಗತ್ತನ್ನು ಸುತ್ತಿದರೂ ಫ್ರೆಂಚ್ ಮಾತನಾಡುವವರ ಸಂಖ್ಯೆ ಇಳಿಯುತ್ತಲೇ ಬಂದಿದೆ ಎಂಬುದೂ ನಿಜ. ವ್ಯಾಪಾರ ಒಂದರಿಂದಲೇ ಸಂಸ್ಕೃತಿ ಉಳಿಯುವುದಿಲ್ಲ. ಆದರೆ 2023ರಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆಗೊಂಡ ಮೇಲೆ ಬರುವವರನ್ನು ತಡೆಯುವ ಪ್ರಶ್ನೆಯೇ ಉಳಿದಿಲ್ಲ. ಬಂದವರು ಕಸವನ್ನು ಮಾತ್ರ ಬಿಟ್ಟುಹೋಗಬೇಕೇ, ಹಣವನ್ನೂ ಗೌರವವನ್ನೂ ಬಿಟ್ಟುಹೋಗಬೇಕೇ ಎಂಬುದಷ್ಟೇ ಈಗಿನ ಪ್ರಶ್ನೆ.

ಆಗಬೇಕಾದ ಕೆಲಸ ಸರ್ಕಾರದ ಅನುದಾನಕ್ಕಾಗಿ ಕಾಯುವಂಥದಲ್ಲ. ಮೊದಲನೆಯದಾಗಿ, ಶಿರಂಗಾಲದಿಂದ ಕುಶಾಲನಗರದವರೆಗಿನ ವರ್ತಕರು ಒಟ್ಟುಗೂಡಿ ಹಬ್ಬ, ಸಂತೆ, ಊಟ, ವಸತಿಗಳ ವಾರ್ಷಿಕ ಪಟ್ಟಿಯೊಂದನ್ನು ಅಚ್ಚು ಹಾಕಿಸಬೇಕು. ಎರಡನೆಯದಾಗಿ, ಕೊಡಗಿನಲ್ಲಿ ಬೆಳೆದ ಸರಕು ಯಾವುದು, ಹೊರಗಿನಿಂದ ತಂದುದು ಯಾವುದು ಎಂಬುದನ್ನು ಅಂಗಡಿಯ ಕಟ್ಟೆಯ ಮೇಲೆ ಬೇರೆ ಬೇರೆಯಾಗಿ ಇಟ್ಟು ಫಲಕ ಹಾಕಬೇಕು. ಹೊರಗಿನ ಸರಕನ್ನು ಮಾರುವುದು ತಪ್ಪಲ್ಲ, ಮರೆಮಾಚುವುದು ತಪ್ಪು. ಮೂರನೆಯದಾಗಿ, ಕಾಚಂಪುಳಿ, ಜೇನು, ಕಾಫಿಪುಡಿಗಳ ಸಣ್ಣ ತಯಾರಕರು ಆಹಾರ ಸುರಕ್ಷತಾ ನೋಂದಣಿ ಮಾಡಿಸಿ, ಊರಿನ ಹೆಸರು ಮತ್ತು ತಯಾರಿಕೆಯ ವರ್ಷವನ್ನು ಚೀಟಿಯಲ್ಲಿ ನಮೂದಿಸಬೇಕು. ನಾಲ್ಕನೆಯದಾಗಿ, ತಿಂಗಳಿಗೊಂದು ಶನಿವಾರವಾದರೂ ಊರಿನ ವಾದ್ಯ, ಊರಿನ ಊಟಗಳಿಗೆ ಮೀಸಲಾಗಬೇಕು. ಇವೆಲ್ಲಕ್ಕೂ ಮೊದಲು ಗಡಿಯಲ್ಲೊಂದು ಶುಚಿಯಾದ ಶೌಚಾಲಯವಿರಬೇಕು. ವಾಹನ ನಿಲ್ಲದ ಊರಿನಲ್ಲಿ ವ್ಯಾಪಾರವೂ ನಿಲ್ಲದು.

ಕಾವೇರಿಯ ನೀರನ್ನು ಶಿರಂಗಾಲದಲ್ಲಿ ತಡೆದು ನಿಲ್ಲಿಸಲು ಯಾರಿಂದಲೂ ಆಗದು. ರಸ್ತೆಯಲ್ಲಿ ಹರಿಯುವ ವ್ಯಾಪಾರವನ್ನು ಒಂದು ಗಳಿಗೆ ನಿಲ್ಲಿಸಿಕೊಳ್ಳುವುದು ವರ್ತಕರ ಕೈಯಲ್ಲಿದೆ. ಅದಕ್ಕೆ ಬೇಕಾದ ಸರಕು ಊರಿನಲ್ಲಿಯೇ ಇದೆ. ಅದರ ಮೇಲೆ ನಿಜವಾದ ಹೆಸರನ್ನು ಬರೆಯುವ ಕೆಲಸ ಬಾಕಿಯಿದೆ.